ಆಟಿಕೆಗಾರ ಗುನ್‌ಪೇ ಯೊಕೊಯಿ

ಕಳೆದ ದಸರೆಯ ರಜೆಯಲ್ಲಿ ನೆಂಟರ ಮನೆಯೊಂದರಲ್ಲಿ ಒಂದು ವಿಚಿತ್ರವಾದ ನೋಟವನ್ನು ಕಂಡೆನು. ಆ ಮನೆಯ ಹುಡುಗನು ಕಣ್ಣುಗಳನ್ನೆಲ್ಲ ಮುಚ್ಚುವಂಥ ಪೆಟ್ಟಿಗೆಯೊಂದನ್ನು ತಲೆಗೆ ಬಿಗಿದುಕೊಂಡು, ಕುರ್ಚಿಯಲ್ಲಿ ಅಲುಗದೆ ಕುಳಿತು, ಎರಡು ಹೆಬ್ಬೆರಳುಗಳನ್ನು ಮಾತ್ರ ಬಿಡುವಿಲ್ಲದೆ ಆಡಿಸುತ್ತಿದ್ದನು. ಅದು ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ ಎಂಬುದು ನನಗೆ ತಿಳಿದಿತ್ತು. ಒಳಗೆ ಯಾವುದೋ ಮಹಾಯುದ್ಧವೋ ಅಂತರಿಕ್ಷಯಾನವೋ ನಡೆಯುತ್ತಿರಬೇಕೆಂದು ಊಹಿಸಿದೆನು. ಆದರೆ ಅವನು ಅದನ್ನು ನನ್ನ ತಲೆಗೆ ತೊಡಿಸಿದಾಗ ಕಂಡದ್ದೇ ಬೇರೆ. ಮಂಕು ಬೆಳಕಿನ ಒಂದು ಕೋಣೆ. ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ. ಅದರ ಮೇಲೆ ಪಾಚಿಹಸಿರಿನ ನಾಲ್ಕೇ ಛಾಯೆಗಳಲ್ಲಿ ಮೇಲಿನಿಂದ ಒಂದೊಂದಾಗಿ ಬೀಳುತ್ತಿದ್ದ ಇಟ್ಟಿಗೆಯಂಥ ತುಂಡುಗಳು. ಅದು ಟೆಟ್ರಿಸ್ ಆಟ. ೧೯೮೯ರಲ್ಲಿ ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಎಂಬ ಜಪಾನೀ ಯಂತ್ರಕ್ಕಾಗಿ ಬಂದ ಆಟವನ್ನು, ಆ ಯಂತ್ರವು ಹಳೆಯ ಸಾಮಾನಾಗಿ ಹೋದ ಎಷ್ಟೋ ವರ್ಷಗಳ ಮೇಲೆ, ಇಂದಿನ ಯಂತ್ರದೊಳಗೆ ಎಬ್ಬಿಸಿ ಕೂರಿಸಿದ್ದರು.

ಈ ಎಬ್ಬಿಸುವ ಕೆಲಸವನ್ನು ಮಾಡುವ ಕ್ರಮವಿಧಿಗೆ ಎಮ್ಯುಲೇಟರ್ ಎಂದು ಹೆಸರು. ನಾಟಕದಲ್ಲಿ ನಟನು ದಶರಥನ ಪಾತ್ರವನ್ನು ವಹಿಸಿದಂತೆ, ಹೊಸ ಕಂಪ್ಯೂಟರು ಹಳೆಯ ಕಂಪ್ಯೂಟರಿನ ಪಾತ್ರವನ್ನು ವಹಿಸುತ್ತದೆ. ಹಳೆಯ ಯಂತ್ರದ ಮಿದುಳು ಯಾವ ಆಜ್ಞೆಗೆ ಏನು ಮಾಡುತ್ತಿತ್ತೋ, ಎಷ್ಟು ಹೊತ್ತಿನಲ್ಲಿ ಮಾಡುತ್ತಿತ್ತೋ, ಅದನ್ನೇ ಇದು ಒಂದೊಂದಾಗಿ ಅಭಿನಯಿಸುತ್ತದೆ. ಆಟದ ಕ್ರಮವಿಧಿಗೆ ತಾನು ಬೇರೆಯವರ ಮನೆಯಲ್ಲಿದ್ದೇನೆಂಬುದು ತಿಳಿಯುವುದೇ ಇಲ್ಲ! ಗೇಮ್ ಬಾಯ್‌ನ ಮಿದುಳು ಸೆಕೆಂಡಿಗೆ ಸುಮಾರು ೪೨ ಲಕ್ಷ ಸಲ ಮಿಡಿಯುತ್ತಿತ್ತು. ಅದರ ಕೆಲಸದ ಸ್ಮರಣೆ ೮ ಕಿಲೋಬೈಟ್ ಮಾತ್ರ. ಇಂದಿನ ಹೆಡ್‌ಸೆಟ್ಟಿಗೆ ಅದು ಎಡಗೈಯ ಕೆಲಸ. ಎಲ್ಲ ಬಣ್ಣಗಳನ್ನೂ ಆಳವನ್ನೂ ತೋರಿಸಬಲ್ಲ ಯಂತ್ರವನ್ನು ತಲೆಗೆ ಕಟ್ಟಿಕೊಂಡವನು ನಾಲ್ಕು ಛಾಯೆಗಳ ಹಸಿರು ಚಿತ್ರವನ್ನೇ ಏಕೆ ಬಯಸುತ್ತಾನೆ ಎಂದು ನಾನು ಕೇಳಿಕೊಂಡೆನು. ಆ ಪ್ರಶ್ನೆಯ ಜಾಡು ಹಿಡಿದು ಹೋದಾಗ ಸಿಕ್ಕವನು ಗುನ್‌ಪೇ ಯೊಕೊಯಿ. ಆಟ ಆಡುವವರಲ್ಲಿ ಇವನ ಹೆಸರು ಪ್ರಸಿದ್ಧವಾದದ್ದು; ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಅದು ಕಂಡುಬಂದಿಲ್ಲ.

ಯೊಕೊಯಿ ೧೯೪೧ರ ಸೆಪ್ಟೆಂಬರ್ ೧೦ರಂದು ಜಪಾನಿನ ಹಳೆಯ ರಾಜಧಾನಿಯಾದ ಕ್ಯೋಟೊ ನಗರದಲ್ಲಿ ಹುಟ್ಟಿದನು. ಅಲ್ಲಿಯ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಪದವಿ ಪಡೆದನು. ೧೯೬೫ರಲ್ಲಿ ಅದೇ ಊರಿನ ನಿಂಟೆಂಡೊ ಎಂಬ ಕಂಪನಿಯನ್ನು ಸೇರಿದನು. ಈ ಹೆಸರನ್ನು ಕೇಳಿದೊಡನೆ ಇಂದು ನಾವು ವಿಡಿಯೋ ಆಟಗಳನ್ನು ನೆನೆಯುತ್ತೇವೆ. ಆಗ ಅದು ಇಸ್ಪೀಟಿನ ಕಾರ್ಖಾನೆ. ೧೮೮೯ರಲ್ಲಿ ಹುಟ್ಟಿದ ಆ ಮನೆತನದ ಕಂಪನಿಯು ಹನಫುದ ಎಂಬ, ಹೂಗಿಡಗಳ ಚಿತ್ರವಿರುವ ಪುಟ್ಟ ಎಲೆಗಳನ್ನು ಮಾಡಿ ಮಾರುತ್ತಿತ್ತು. ಎಲೆಗಳನ್ನು ಮಾಡುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿಯ ಕೆಲಸ. ಪದವೀಧರನಾದ ಇಂಜಿನಿಯರಿಗೆ ಇದು ಹೆಮ್ಮೆಪಡತಕ್ಕ ಉದ್ಯೋಗವೇನೂ ಅಲ್ಲ. ಯಂತ್ರಗಳು ಚೆನ್ನಾಗಿ ನಡೆಯುತ್ತಿದ್ದರೆ ಆತನಿಗೆ ಕೆಲಸವೇ ಇರುತ್ತಿರಲಿಲ್ಲ.

ಕೆಲಸವಿಲ್ಲದ ಹೊತ್ತಿನಲ್ಲಿ ಆತನು ಕಾರ್ಖಾನೆಯ ಉಪಕರಣಗಳನ್ನೇ ಬಳಸಿ ತನ್ನ ವಿನೋದಕ್ಕಾಗಿ ಒಂದು ಆಟಿಕೆಯನ್ನು ಮಾಡಿಕೊಂಡನು. ಕತ್ತರಿಯಂತೆ ಒಂದಕ್ಕೊಂದು ಅಡ್ಡಲಾಗಿ ಜೋಡಿಸಿದ ಪಟ್ಟಿಗಳು. ಇತ್ತ ಹಿಡಿಯನ್ನು ಒತ್ತಿದರೆ ಅತ್ತ ಅವು ಉದ್ದಕ್ಕೆ ಚಾಚಿಕೊಂಡು, ತುದಿಯ ಬೆರಳುಗಳು ದೂರದ ವಸ್ತುವನ್ನು ಹಿಡಿಯುತ್ತಿದ್ದುವು. ಅದನ್ನು ಆಡಿಸುತ್ತಿದ್ದಾಗ ಕಂಪನಿಯ ಅಧ್ಯಕ್ಷನಾದ ಹಿರೋಶಿ ಯಾಮಾಉಚಿಯ ಕಣ್ಣಿಗೆ ಬಿದ್ದನು. ಯಾಮಾಉಚಿ ಬಲು ಕಟ್ಟುನಿಟ್ಟಿನವನು. ಕರೆ ಬಂದಾಗ ಯೊಕೊಯಿ ಬೈಗುಳಕ್ಕೆ ಸಿದ್ಧನಾಗಿಯೇ ಹೋದನಂತೆ. ದೊರೆತದ್ದು ಬೈಗುಳವಲ್ಲ, ಅದನ್ನು ಮಾರುವ ವಸ್ತುವನ್ನಾಗಿ ಮಾಡಬೇಕೆಂಬ ಆಜ್ಞೆ. ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಿಂದ ೧೯೬೬ರಲ್ಲಿ ಹೊರಬಂದ ಆ ಕೈ ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು. ಇಸ್ಪೀಟಿನ ಯಂತ್ರಗಳ ಕಾವಲುಗಾರನು ಹೀಗೆ ಆಟಿಕೆಗಾರನಾದನು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕಾಗಿ ಬಡ್ತಿ ಪಡೆದವರು ಚರಿತ್ರೆಯಲ್ಲಿ ಬಹಳ ಮಂದಿ ಇರಲಾರರು. ನಮ್ಮ ಹಾಸ್ಟೆಲಿನ ಮಿತ್ರರು ಇದನ್ನು ಆಧಾರವಾಗಿ ತೋರಿಸಬಾರದಾಗಿ ಬೇಡುತ್ತೇನೆ.

ಮುಂದಿನ ಹತ್ತು ಹದಿನೈದು ವರ್ಷ ಆತನು ಮಾಡಿದ ಆಟಿಕೆಗಳು ಹಲವು. ಎಲ್ಲವನ್ನೂ ಹೇಳುವುದಕ್ಕೆ ಇಲ್ಲಿ ಸ್ಥಳವಿಲ್ಲ. ಎರಡನ್ನು ಮಾತ್ರ ನೋಡೋಣ. ೧೯೬೯ರ ‘ಲವ್ ಟೆಸ್ಟರ್’ ಎಂಬುದರಲ್ಲಿ ತರುಣ ತರುಣಿಯರು ಒಂದೊಂದು ಲೋಹದ ಗುಂಡನ್ನು ಹಿಡಿದು, ಮತ್ತೊಂದು ಕೈಯಿಂದ ಪರಸ್ಪರ ಕೈ ಹಿಡಿದರೆ, ಮುಳ್ಳೊಂದು ತಿರುಗಿ ಅವರ ಪ್ರೇಮದ ಪ್ರಮಾಣವನ್ನು ಹೇಳುತ್ತಿತ್ತು. ನಿಜವಾಗಿ ಅದು ಅಳೆಯುತ್ತಿದ್ದುದು ಮೈಯಲ್ಲಿ ಹರಿಯುವ ಅತ್ಯಲ್ಪ ವಿದ್ಯುತ್ತನ್ನು. ಅಂಗೈ ಬೆವತಷ್ಟೂ ಮುಳ್ಳು ಮೇಲೇರುತ್ತಿತ್ತು. ವಿಜ್ಞಾನ ಶಾಲೆಯ ಹುಡುಗನಿಗೂ ಗೊತ್ತಿರುವ ತತ್ತ್ವ. ಆದರೆ ಕೈ ಹಿಡಿಯಲು ನಾಚುವ ಸಮಾಜದಲ್ಲಿ ಕೈ ಹಿಡಿಯುವುದಕ್ಕೊಂದು ನೆಪ! ಎರಡನೆಯದು ೧೯೭೨ರ ‘ಲೆಫ್ಟಿ ಆರ್‌ಎಕ್ಸ್’ ಎಂಬ ರೇಡಿಯೋ ಮೋಟಾರು. ದೂರದಿಂದ ನಡೆಸುವ ಆಟದ ಕಾರುಗಳು ಆಗ ಬಹಳ ದುಬಾರಿ. ಯೊಕೊಯಿ ತನ್ನ ಕಾರಿನಿಂದ ಬಲಕ್ಕೆ ತಿರುಗುವ ಶಕ್ತಿಯನ್ನೇ ತೆಗೆದುಹಾಕಿದನು. ಅದು ನೇರವಾಗಿ ಹೋಗುತ್ತಿತ್ತು, ಇಲ್ಲವೇ ಎಡಕ್ಕೆ ತಿರುಗುತ್ತಿತ್ತು. ದುಂಡನೆಯ ಪಂದ್ಯದ ಹಾದಿಯಲ್ಲಿ ಅದಕ್ಕಿಂತ ಹೆಚ್ಚೇನು ಬೇಕು? ಬೆಲೆ ಇಳಿಯಿತು, ಸಾಮಾನ್ಯರ ಮಕ್ಕಳ ಕೈಗೂ ಕಾರು ಬಂದಿತು.

ಈ ಎಡಚ ಕಾರಿನಲ್ಲಿ ಯೊಕೊಯಿಯ ವಿಚಾರವೆಲ್ಲ ಅಡಗಿದೆ. ಹೊಚ್ಚ ಹೊಸ ತಂತ್ರವಿದ್ಯೆಯ ಹಿಂದೆ ಓಡಬೇಕಾಗಿಲ್ಲ. ಬಹಳ ಕಾಲ ಬಳಕೆಯಲ್ಲಿದ್ದು, ಗುಣದೋಷಗಳೆಲ್ಲ ತಿಳಿದು, ಬೆಲೆ ಇಳಿದು, ಒಂದರ್ಥದಲ್ಲಿ ಒಣಗಿಹೋದ ವಿದ್ಯೆಯನ್ನೇ ಕೈಗೆತ್ತಿಕೊಂಡು, ಅದನ್ನು ಯಾರೂ ಯೋಚಿಸದ ಪಕ್ಕದ ದಾರಿಗೆ ತಿರುಗಿಸಬೇಕು ಎಂಬುದು ಆತನ ಮತ. ಒಣಗಿದ ಸೌದೆಯೇ ಚೆನ್ನಾಗಿ ಉರಿಯುವುದೆಂದು ನಮ್ಮ ಹಳ್ಳಿಯ ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾರ್ಖಾನೆಗಳಲ್ಲಿ ಅದನ್ನು ನೆನಪಿನಲ್ಲಿಡುವವರು ಕಡಿಮೆ.

ಈ ಮತವು ಫಲ ಕೊಟ್ಟದ್ದು ರೈಲಿನಲ್ಲಿ. ಒಮ್ಮೆ ಯೊಕೊಯಿ ಶಿಂಕಾನ್ಸೆನ್ ಎಂಬ ವೇಗದ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಕಚೇರಿಯ ಉದ್ಯೋಗಿಯೊಬ್ಬನು ಬೇಸರ ಕಳೆಯಲು ತನ್ನ ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದುದನ್ನು ಕಂಡನು. ದೊಡ್ಡವರಿಗೂ ಆಟ ಬೇಕು, ಆದರೆ ನಾಲ್ಕು ಜನರ ಮುಂದೆ ಆಡಲು ನಾಚಿಕೆ. ಕೈಯಲ್ಲಿ ಅಡಗುವಂಥ ಆಟವಿದ್ದರೆ ಹೇಗೆ, ಎಂದು ಆತನಿಗೆ ಹೊಳೆಯಿತು. ಆ ಕಾಲದಲ್ಲಿ ಕ್ಯಾಲ್ಕ್ಯುಲೇಟರ್ ಕಂಪನಿಗಳು ಒಂದರ ಮೇಲೊಂದು ಪೈಪೋಟಿಯಿಂದ ಬೆಲೆ ಇಳಿಸಿ, ದ್ರವಸ್ಫಟಿಕದ ಪರದೆಯೂ ಅದರ ಚಿಪ್ಪೂ ಅಗ್ಗವಾಗಿದ್ದುವು. ಒಂದು ದಿನ ಅಧ್ಯಕ್ಷನ ಕಾರನ್ನು ನಡೆಸುವ ಚಾಲಕನು ಇಲ್ಲದೆ ಯೊಕೊಯಿಯೇ ನಡೆಸಬೇಕಾಯಿತು. ದಾರಿಯಲ್ಲಿ ಈ ವಿಚಾರವನ್ನು ಮಾತಿನ ನಡುವೆ ತಿಳಿಸಿದನು. ಯಾಮಾಉಚಿ ಕೇಳಿಯೂ ಕೇಳದಂತಿದ್ದನು. ಆದರೆ ಕೆಲವೇ ದಿನಗಳಲ್ಲಿ ಪರದೆಗಳನ್ನು ಮಾಡುವ ಶಾರ್ಪ್ ಕಂಪನಿಯ ಹಿರಿಯರು ಬಂದು ಮಾತುಕತೆ ನಡೆಸಿದರು. ೧೯೮೦ರ ಏಪ್ರಿಲಿನಲ್ಲಿ ‘ಗೇಮ್ ಅಂಡ್ ವಾಚ್’ ಮಾಲೆಯ ಮೊದಲ ಆಟ ಹೊರಬಿದ್ದಿತು. ಕ್ಯಾಲ್ಕ್ಯುಲೇಟರಿನ ಪರದೆಯಲ್ಲಿ ಅಂಕಿಗಳ ಬದಲು ಚೆಂಡೆಸೆಯುವ ಗೊಂಬೆ, ಆಟವಿಲ್ಲದಾಗ ಗಡಿಯಾರ. ಈ ಮಾಲೆಯ ಯಂತ್ರಗಳು ೧೯೯೧ರವರೆಗೆ ನಾಲ್ಕು ಕೋಟಿಗೂ ಮಿಕ್ಕಿ ಮಾರಾಟವಾದುವು.

ಅವುಗಳಲ್ಲಿ ಒಂದಾದ ೧೯೮೨ರ ‘ಡಾಂಕಿ ಕಾಂಗ್’ ಯಂತ್ರದಲ್ಲಿ ಒಂದು ಸಣ್ಣ ವಸ್ತುವಿತ್ತು. ದೊಡ್ಡ ಅಂಗಡಿಗಳ ಆಟದ ಯಂತ್ರಗಳಲ್ಲಿ ದಿಕ್ಕನ್ನು ತೋರಿಸಲು ಕೋಲೊಂದು ಇರುತ್ತಿತ್ತು. ಜೇಬಿನ ಯಂತ್ರಕ್ಕೆ ಕೋಲು ಹೊಂದುವುದಿಲ್ಲ. ನಾಲ್ಕು ಬೇರೆ ಬೇರೆ ಗುಂಡಿಗಳನ್ನಿಟ್ಟರೆ ಹೆಬ್ಬೆರಳು ದಾರಿ ತಪ್ಪುತ್ತದೆ. ಯೊಕೊಯಿ ನಾಲ್ಕನ್ನೂ ಕೂಡಿಸಿ ಕೂಡಿಕೆಯ ಚಿಹ್ನೆಯ ಆಕಾರದ ಒಂದೇ ತುಂಡನ್ನು ಮಾಡಿದನು. ಅದು ನಡುವಿನ ಆಧಾರದ ಮೇಲೆ ತಕ್ಕಡಿಯಂತೆ ವಾಲುತ್ತದೆ. ಯಾವ ಕಡೆಗೆ ಒತ್ತಿದರೆ ಆ ಕಡೆ. ಕಣ್ಣಿನಿಂದ ನೋಡಬೇಕಾಗಿಲ್ಲ, ಹೆಬ್ಬೆರಳಿಗೇ ತಿಳಿಯುತ್ತದೆ. ಮರುವರ್ಷ ಬಂದ ಫ್ಯಾಮಿಕಾಮ್ ಯಂತ್ರದಲ್ಲಿಯೂ ಅದೇ ಬಂದಿತು. ಮುಂದೆ ಬಂದ ಆಟದ ಹಿಡಿಕೆಗಳಲ್ಲಿ ಅದು ಅಥವಾ ಅದರ ತಮ್ಮನಿಲ್ಲದವು ಅಪರೂಪ. ಇದಕ್ಕಾಗಿ ನಿಂಟೆಂಡೊ ಕಂಪನಿಗೆ ೨೦೦೭ರಲ್ಲಿ ಅಮೆರಿಕದ ಎಮ್ಮಿ ತಂತ್ರಜ್ಞಾನ ಪ್ರಶಸ್ತಿ ಬಂದಿತು. ಆಗ ಮಾಡಿದವನು ಇರಲಿಲ್ಲ. ಕಣ್ಣು ಕಟ್ಟಿಸಿಕೊಂಡು ಕುಳಿತ ಆ ನೆಂಟರ ಹುಡುಗನು, ತನ್ನ ಕೈಯನ್ನೇ ತಾನು ಕಾಣದಿದ್ದರೂ ತಪ್ಪದೆ ಆಡಲು ಸಾಧ್ಯವಾದುದು ಈ ಕೂಡಿಕೆಯ ಗುಂಡಿಯಿಂದ ಎಂಬುದನ್ನು ನಾನು ಆಮೇಲೆ ಗಮನಿಸಿದೆನು.

ಗೇಮ್ ಬಾಯ್ ೧೯೮೯ರ ಏಪ್ರಿಲ್ ೨೧ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಬೆಲೆ ೧೨,೫೦೦ ಯೆನ್. ಇದು ಯೊಕೊಯಿ ಒಬ್ಬನ ಕೆಲಸವಲ್ಲ. ಸತೋರು ಒಕಾಡ ಮೊದಲಾದ ಸಹೋದ್ಯೋಗಿಗಳ ಪಾಲು ದೊಡ್ಡದು. ಆದರೆ ಪರದೆಗೆ ಬಣ್ಣ ಬೇಡವೆಂಬ ಹಟ ಆತನ ಮತಕ್ಕೆ ತಕ್ಕದ್ದಾಗಿತ್ತು. ಅಡ್ಡಲಾಗಿ ೧೬೦, ಉದ್ದಕ್ಕೆ ೧೪೪ ಚುಕ್ಕೆಗಳು, ನಾಲ್ಕು ಛಾಯೆ, ಹಿಂದೆ ದೀಪವೂ ಇಲ್ಲ. ಅದೇ ವರ್ಷ ಅಟಾರಿ ಕಂಪನಿಯು ‘ಲಿಂಕ್ಸ್’ ಎಂಬ, ಮರುವರ್ಷ ಸೇಗಾ ಕಂಪನಿಯು ‘ಗೇಮ್ ಗಿಯರ್’ ಎಂಬ ಬಣ್ಣದ ಯಂತ್ರಗಳನ್ನು ತಂದುವು. ಪಕ್ಕದಲ್ಲಿಟ್ಟು ನೋಡಿದರೆ ಗೇಮ್ ಬಾಯ್ ಬಡವರ ಮನೆಯ ಕೂಸು. ಆದರೆ ಆ ಬಣ್ಣದ ಯಂತ್ರಗಳು ಆರಾರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿ ಕೈಚೆಲ್ಲುತ್ತಿದ್ದುವು. ಇದು ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೇಲ್ಪಟ್ಟು ಓಡುತ್ತಿತ್ತು. ಕೈಜಾರಿ ಬಿದ್ದರೂ ತಡೆದುಕೊಳ್ಳುತ್ತಿತ್ತು. ಬೆಲೆ ಕಡಿಮೆ. ಜೊತೆಗೆ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ ೧೯೮೪ರಲ್ಲಿ ಕಲ್ಪಿಸಿದ ಟೆಟ್ರಿಸ್ ಆಟವನ್ನು ಅಮೆರಿಕದಲ್ಲಿ ಯಂತ್ರದೊಡನೆಯೇ ಕೊಟ್ಟರು. ಅದಕ್ಕೆ ಬಣ್ಣದ ಅಗತ್ಯವೇ ಇರಲಿಲ್ಲ. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಕೂಡಿ ಮಾರಾಟವಾದ ಸಂಖ್ಯೆ ೧೧ ಕೋಟಿ ೮೬ ಲಕ್ಷಕ್ಕೂ ಮೇಲು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖಾಂತವಾದ ಕಥೆ. ಆದರೆ ಯೊಕೊಯಿಯ ಬಾಳಿನಲ್ಲಿ ನನಗೆ ಹೆಚ್ಚು ಕುತೂಹಲವಾದ ಭಾಗವು ಮುಂದಿನದು, ಸೋಲಿನದು.

ಅಮೆರಿಕದ ಮೆಸಾಚುಸೆಟ್ಸ್ ಪ್ರಾಂತದ ರಿಫ್ಲೆಕ್ಷನ್ ಟೆಕ್ನಾಲಜಿ ಎಂಬ ಸಣ್ಣ ಕಂಪನಿಯೊಂದು ಕಣ್ಣಿನ ಹತ್ತಿರ ಹಿಡಿದು ನೋಡುವ ಪರದೆಯನ್ನು ಕಂಡುಹಿಡಿದು, ಆಟಿಕೆ ಕಂಪನಿಗಳ ಬಾಗಿಲು ತಟ್ಟುತ್ತಿತ್ತು. ಬೇರೆಯವರು ಬೇಡವೆಂದರು. ಯೊಕೊಯಿ ಅದರಲ್ಲಿ ತನಗೆ ಪ್ರಿಯವಾದ ಗುಣವನ್ನು ಕಂಡನು. ಅದು ಹೇಗೆ ನಡೆಯುತ್ತದೆಂಬುದು ಸ್ವಾರಸ್ಯವಾಗಿದೆ. ದೀಪಾವಳಿಯಲ್ಲಿ ಮಕ್ಕಳು ಸುರುಸುರುಬತ್ತಿಯನ್ನು ಗಿರ್ರನೆ ತಿರುಗಿಸಿದರೆ ಒಂದು ಕಿಡಿಯೇ ಬೆಂಕಿಯ ಚಕ್ರವಾಗಿ ಕಾಣುವುದಷ್ಟೆ. ಅದೇ ತತ್ತ್ವ. ಒಂದು ಕಣ್ಣಿಗೆ ೨೨೪ ಪುಟ್ಟ ಕೆಂಪು ದೀಪಗಳ ಒಂದೇ ಒಂದು ಸಾಲು. ಎದುರಿಗೆ ಸೆಕೆಂಡಿಗೆ ೫೦ ಸಲ ತೂಗಾಡುವ ಕನ್ನಡಿ. ಕನ್ನಡಿ ಒಂದು ಕಡೆಯಿಂದ ಮತ್ತೊಂದು ಕಡೆಗೆ ಹೊರಳುವಷ್ಟರಲ್ಲಿ ಸಾಲು ೩೮೪ ಸಲ ಬೇರೆ ಬೇರೆಯಾಗಿ ಮಿನುಗುತ್ತದೆ. ಕಣ್ಣು ಅವನ್ನೆಲ್ಲ ಕೂಡಿಸಿ ಪೂರ್ಣ ಚಿತ್ರವೆಂದು ತಿಳಿಯುತ್ತದೆ. ಎರಡು ಕಣ್ಣಿಗೆ ಸ್ವಲ್ಪ ಬೇರೆಯಾದ ಎರಡು ಚಿತ್ರಗಳನ್ನು ಕೊಟ್ಟರೆ ಆಳ ಹುಟ್ಟುತ್ತದೆ. ಕೆಂಪೇ ಏಕೆ? ಕೆಂಪು ದೀಪ ಅಗ್ಗ, ಕಡಿಮೆ ವಿದ್ಯುತ್ತು ಸಾಕು. ನೀಲಿಯ ದೀಪಕ್ಕೆ ಆಗ ತಡೆಯಲಾರದ ಬೆಲೆ. ಕರಿಯ ಕತ್ತಲೆಯೊಳಗೆ ಕೆಂಪು ಗೆರೆಗಳು ತೇಲಿದರೆ ಆ ಕತ್ತಲೆಗೆ ಕೊನೆಯೇ ಇಲ್ಲವೆಂಬ ಭಾವ ಬರುವುದೆಂದು ಆತನು ಎಣಿಸಿದನು. ಇಲ್ಲಿಯೂ ಅದೇ ಎಡಚ ಕಾರು!

‘ವರ್ಚುವಲ್ ಬಾಯ್’ ಎಂಬ ಈ ಯಂತ್ರವು ೧೯೯೫ರ ಜುಲೈ ೨೧ರಂದು ಜಪಾನಿನಲ್ಲಿ ೧೫,೦೦೦ ಯೆನ್ನಿಗೆ, ಮುಂದಿನ ತಿಂಗಳು ಅಮೆರಿಕದಲ್ಲಿ ೧೭೯ ಡಾಲರ್ ೯೫ ಸೆಂಟಿಗೆ ಬಂದಿತು. ಅಷ್ಟರಲ್ಲಿ ಮೂಲದ ಕಲ್ಪನೆಯಿಂದ ಬಹಳಷ್ಟು ಕಳೆದುಹೋಗಿತ್ತು. ತಲೆಗೆ ಕಟ್ಟಿಕೊಂಡು, ತಲೆ ತಿರುಗಿಸಿದತ್ತ ನೋಟವೂ ತಿರುಗಬೇಕೆಂಬುದು ಮೊದಲಿನ ಆಸೆ. ಅದು ಕಷ್ಟಸಾಧ್ಯವಾಯಿತು, ತಲೆಸುತ್ತಿನ, ಅಪಾಯದ ಭಯವೂ ಇತ್ತು. ಕೊನೆಗೆ ಎರಡು ಕಾಲುಗಳ ಆಸರೆಯ ಮೇಲೆ ಮೇಜಿನಲ್ಲಿಟ್ಟು, ಕೊಡದೊಳಕ್ಕೆ ಇಣುಕಿದಂತೆ ಬಗ್ಗಿ ನೋಡುವ ಯಂತ್ರವಾಯಿತು. ಕೊರಳು ನೋಯುತ್ತಿತ್ತು. ಏಳು ವರ್ಷದ ಒಳಗಿನ ಮಕ್ಕಳು ನೋಡಕೂಡದೆಂದು ಎಚ್ಚರಿಕೆ ಬರೆದಿದ್ದರು. ಯಾವ ಪತ್ರಿಕೆಯ ಚಿತ್ರದಲ್ಲಿಯೂ ಯಾವ ಟೆಲಿವಿಷನ್ನಿನಲ್ಲಿಯೂ ಆಳವನ್ನು ತೋರಿಸುವಂತಿರಲಿಲ್ಲ. ಒಬ್ಬನು ಆಡುತ್ತಿದ್ದರೆ ಪಕ್ಕದಲ್ಲಿ ನಿಂತವನಿಗೆ ಏನೂ ಕಾಣದು. ಗೇಮ್ ಬಾಯ್ ಆಡುವವನ ಹೆಗಲ ಮೇಲಿಂದ ತಮ್ಮ ತಂಗಿಯರು ಇಣುಕಬಹುದಾಗಿತ್ತು. ಇದರಲ್ಲಿ ಆ ಸುಖವಿಲ್ಲ. ಸುಮಾರು ೭,೭೦,೦೦೦ ಯಂತ್ರಗಳು ಮಾರಾಟವಾದುವು. ಎಲ್ಲ ದೇಶಗಳದು ಸೇರಿ ಬಂದ ಆಟಗಳು ೨೨. ಜಪಾನಿನಲ್ಲಿ ಆ ವರ್ಷದ ಡಿಸೆಂಬರಿನಲ್ಲಿಯೇ, ಅಮೆರಿಕದಲ್ಲಿ ಮರುವರ್ಷ ನಿಲ್ಲಿಸಿಬಿಟ್ಟರು. ಯೂರೋಪಿಗೆ ಅದು ಹೋಗಲೇ ಇಲ್ಲ.

ಒಣಗಿದ ವಿದ್ಯೆಯ ಮತವೇ ಇಲ್ಲಿ ತಪ್ಪಿತೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಬಣ್ಣವನ್ನು ಬಿಟ್ಟದ್ದರಿಂದ ಗೇಮ್ ಬಾಯ್ ಕೆಡಲಿಲ್ಲ; ಏಕೆಂದರೆ ಅದು ಕೈಯಲ್ಲಿ ಹಿಡಿಯುವುದನ್ನು ಬಿಡಲಿಲ್ಲ. ವರ್ಚುವಲ್ ಬಾಯ್ ತಲೆಯ ಮೇಲಿರುವುದನ್ನೇ ಬಿಟ್ಟಿತು. ಎಡಚ ಕಾರಿನಿಂದ ಬಲದ ತಿರುವನ್ನು ತೆಗೆಯಬಹುದು, ಚಕ್ರವನ್ನು ತೆಗೆಯಲಾಗದು. ಇನ್ನೂ ಬೇಯದ ಅಡಿಗೆಯನ್ನು ಎಲೆಗೆ ಬಡಿಸುವಂತೆ ಕಂಪನಿಯು ಅವಸರ ಮಾಡಿತೆಂಬ ಮಾತೂ ಇದೆ. ಆಗ ಅದರ ಗಮನವೆಲ್ಲ ನಿಂಟೆಂಡೊ ೬೪ ಎಂಬ ಮುಂದಿನ ಯಂತ್ರದ ಮೇಲಿತ್ತು.

ಯೊಕೊಯಿ ೧೯೯೬ರ ಆಗಸ್ಟ್ ೧೫ರಂದು ಕಂಪನಿಯನ್ನು ಬಿಟ್ಟನು. ಅಲ್ಲಿ ೩೧ ವರ್ಷ ದುಡಿದಿದ್ದನು. ಸೋಲಿನ ಅವಮಾನದಿಂದ ಹೊರದೂಡಲ್ಪಟ್ಟನೆಂಬ ಕಥೆ ಎಲ್ಲೆಡೆ ಹಬ್ಬಿತು. ಇಂದಿಗೂ ಅನೇಕರು ಅದನ್ನೇ ಬರೆಯುತ್ತಾರೆ. ಆತನು ಮಾತ್ರ ಅದನ್ನು ಒಪ್ಪಲಿಲ್ಲ. ಐವತ್ತರ ಆಚೆಗೆ ಸ್ವತಂತ್ರವಾಗಿ ತನ್ನ ಇಷ್ಟದ ಕೆಲಸ ಮಾಡಬೇಕೆಂಬುದು ಹಿಂದಿನಿಂದಲೂ ಇದ್ದ ಬಯಕೆ ಎಂದು ತಿಳಿಸಿದನು. ಹೊರಡುವ ಮುನ್ನ, ಅದೇ ಜುಲೈಯಲ್ಲಿ, ಇನ್ನೂ ತೆಳುವಾದ, ಪರದೆ ಸ್ಪಷ್ಟವಾದ ‘ಗೇಮ್ ಬಾಯ್ ಪಾಕೆಟ್’ ಹೊರಬಂದಿತ್ತು. ಸೋತು ಓಡುವವನ ವಿದಾಯದಂತೆ ಅದು ಕಾಣುವುದಿಲ್ಲ.

ಸೆಪ್ಟೆಂಬರಿನಲ್ಲಿ ಕ್ಯೋಟೊದಲ್ಲಿಯೇ ‘ಕೋಟೊ ಲ್ಯಾಬೊರೇಟರಿ’ ಎಂಬ ತನ್ನ ಸಣ್ಣ ಕಂಪನಿಯನ್ನು ತೆರೆದನು. ಬಾಂಡಾಯ್ ಎಂಬ ಆಟಿಕೆ ಕಂಪನಿಗಾಗಿ ಮತ್ತೆ ಅಂಗೈ ಯಂತ್ರವೊಂದನ್ನು ಕಲ್ಪಿಸತೊಡಗಿದನು. ಈ ಸಲ ನಾಲ್ಕು ಸೆಲ್ಲಿನ ಬದಲು ಒಂದೇ ಸೆಲ್ಲು.

ಅದನ್ನು ಆತನು ನೋಡಲಿಲ್ಲ. ೧೯೯೭ರ ಅಕ್ಟೋಬರ್ ೪ರಂದು ಇಶಿಕಾವ ಪ್ರಾಂತದ ಹೊಕುರಿಕು ಹೆದ್ದಾರಿಯಲ್ಲಿ ಆತನು ಕುಳಿತಿದ್ದ ಕಾರು ಮುಂದಿನ ಲಾರಿಗೆ ತಾಗಿತು. ಏನಾಗಿದೆಯೆಂದು ನೋಡಲು ಕೆಳಗಿಳಿದಾಗ ಹಿಂದಿನಿಂದ ಬಂದ ಬೇರೊಂದು ಕಾರು ಹೊಡೆಯಿತು. ಆಗ ಆತನಿಗೆ ೫೬ ವರ್ಷ. ‘ವಂಡರ್‌ಸ್ವಾನ್’ ಎಂಬ ಆ ಒಂದು ಸೆಲ್ಲಿನ ಯಂತ್ರವು ೧೯೯೯ರ ಮಾರ್ಚ್ ೪ರಂದು ೪,೮೦೦ ಯೆನ್ನಿಗೆ ಮಾರಾಟಕ್ಕೆ ಬಂದಿತು. ಅದರ ಜೊತೆಗೆ ಬಂದ, ಗೆರೆಗಳನ್ನು ಜೋಡಿಸುವ ಆಟವೊಂದಕ್ಕೆ ‘ಗುನ್‌ಪೇ’ ಎಂದು ಹೆಸರಿಟ್ಟಿದ್ದರು.

ವರ್ಚುವಲ್ ಬಾಯ್‌ನ ಆಟಗಳು ಬಹುಕಾಲ ಅನಾಥವಾಗಿದ್ದುವು. ಹಳೆಯ ಯಂತ್ರಗಳು ಒಂದೊಂದಾಗಿ ಕೆಟ್ಟುವು. ಎಮ್ಯುಲೇಟರ್ ಬರೆದವರು ಅವನ್ನು ಸಾಮಾನ್ಯ ಕಂಪ್ಯೂಟರಿನ ಪರದೆಯ ಮೇಲೆ ಎಬ್ಬಿಸಿದರು. ಆದರೆ ಚಪ್ಪಟೆ ಪರದೆಯಲ್ಲಿ ಅವು ಬರಿಯ ಕೆಂಪು ಚಿತ್ರಗಳು, ಪ್ರಾಣವಿಲ್ಲದವು. ವಿ.ಆರ್. ಹೆಡ್‌ಸೆಟ್‌ಗಳು ಬಂದ ಮೇಲೆ ಎಡಗಣ್ಣಿನ ಚಿತ್ರ ಎಡಗಣ್ಣಿಗೆ, ಬಲಗಣ್ಣಿನದು ಬಲಗಣ್ಣಿಗೆ ಸೇರಿತು. ಹಾಗೆ ಮಾಡುವವರಲ್ಲಿ ಎಲ್ಲರೂ ಆಟದ ಪ್ರತಿಯನ್ನು ಹಣ ಕೊಟ್ಟು ಪಡೆದವರಲ್ಲ, ಅದರ ಹಕ್ಕಿನ ಪ್ರಶ್ನೆ ಬೇರೆಯೇ ಇದೆ. ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಅದನ್ನು ಬಿಡಿಸಿ ಹೇಳಿದರೆ ಉಪಕಾರ. ಆ ಹುಡುಗನೂ ನನಗೆ ಟೆಟ್ರಿಸ್ ಆದ ಮೇಲೆ ಇದನ್ನು ತೋರಿಸಿದನು. ಕೆಂಪು ಗೆರೆಗಳ ಟೆನಿಸ್ ಅಂಗಳವೊಂದು ಕತ್ತಲೆಯಲ್ಲಿ ದೂರದವರೆಗೆ ಚಾಚಿಕೊಂಡಿತ್ತು. ಚೆಂಡು ನಿಜವಾಗಿಯೂ ಆಚೆಯಿಂದ ಈಚೆಗೆ ಬಂದಿತು. ಕೊರಳು ಬಗ್ಗಿಸಬೇಕಾಗಿರಲಿಲ್ಲ. ಕೆಂಪನ್ನು ಬದಲಾಯಿಸಿ ಬೇರೆ ಬಣ್ಣ ಹಾಕಿಕೊಳ್ಳಬಹುದೆಂದು ಆತ ಹೇಳಿ, ಒಂದೆರಡು ಬಣ್ಣಗಳನ್ನು ತೋರಿಸಿದನು. ನಾನು ಕೆಂಪೇ ಇರಲೆಂದೆನು.

೨೦೨೫ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ಕಂಪನಿಯೇ, ತಾನು ಮೂವತ್ತು ವರ್ಷ ಮುಚ್ಚಿಟ್ಟ ಆ ಆಟಗಳನ್ನು ತನ್ನ ಹೊಸ ಯಂತ್ರದಲ್ಲಿ ಮತ್ತೆ ಆಡಿಸುವುದಾಗಿ ಪ್ರಕಟಿಸಿತು. ಅದಕ್ಕಾಗಿ ಹಳೆಯ ವರ್ಚುವಲ್ ಬಾಯ್‌ನ ರೂಪವನ್ನೇ ಹೋಲುವ ಕೆಂಪು ಮತ್ತು ಕಪ್ಪಿನ ಉಪಕರಣವೊಂದನ್ನೂ ತೋರಿಸಿತು. ಅದನ್ನು ಈಗಲೂ ತಲೆಗೆ ಕಟ್ಟಿಕೊಳ್ಳುವಂತಿಲ್ಲ. ಎರಡು ಕಾಲುಗಳ ಮೇಲೆ ಮೇಜಿನಲ್ಲಿಟ್ಟು ಬಗ್ಗಿ ನೋಡಬೇಕು.